‘ಪರಾದ್’ ಬ್ಯಾಲೆಯ ಸಂಗೀತಕ್ಕೆ ಟೈಪ್‌ರೈಟರ್ ಯಾಕೆ ಬಂತು?

ಪ್ರಶ್ನೆ: ಎರಿಕ್ ಸತೀ ಬರೆದ ‘ಪರಾದ್’ ಬ್ಯಾಲೆಯ ಸಂಗೀತದಲ್ಲಿ ಟೈಪ್‌ರೈಟರ್, ಪಿಸ್ತೂಲು, ಸೈರನ್ ಎಲ್ಲಾ ಇವೆಯಂತೆ. ಒಬ್ಬ ಸಂಗೀತಗಾರನಿಗೆ ಇವೆಲ್ಲ ಯಾಕೆ ಬೇಕಾಯಿತು? ಸುಮ್ನೆ ಜನರನ್ನು ಬೆಚ್ಚಿಬೀಳಿಸಲಿಕ್ಕಾ?

ಸತೀಗೆ ಅವು ಬೇಕಾಗಿಯೇ ಇರಲಿಲ್ಲ. ಬೇಕೇ ಬೇಕು ಅಂತ ಹಟ ಹಿಡಿದವನು ಕವಿ ಜಾನ್ ಕೊಕ್ತೊ. ಹೆಸರು ಮಾತ್ರ ಸತೀಗೆ ಅಂಟಿಕೊಂಡಿತು.

ಶುರುವಾದದ್ದು 1916ರ ಏಪ್ರಿಲ್‌ನಲ್ಲಿ, ಪ್ಯಾರಿಸ್‌ನಲ್ಲಿ. ಸತೀ ಮತ್ತು ಪಿಯಾನೊ ವಾದಕ ರಿಕಾರ್ಡೊ ವಿನ್ಯೆಸ್ ಇಬ್ಬರೂ ಒಟ್ಟಿಗೆ ಕೂತು ‘ಪಿಯರ್ ಹಣ್ಣಿನ ಆಕಾರದ ಮೂರು ತುಣುಕುಗಳು’ ನುಡಿಸಿದರು. (ತುಣುಕುಗಳು ಇರೋದು ಏಳು. ಸತೀ ಅಂದ್ರೆ ಹಾಗೇ.) ಅದನ್ನು ಕೇಳಿದ ಕೊಕ್ತೊಗೆ ತಲೆಯಲ್ಲಿದ್ದ ಬ್ಯಾಲೆಗೆ ಇವನೇ ಸರಿ ಅನ್ನಿಸಿತು. ಆಗ ಮಹಾಯುದ್ಧ ನಡೆದಿತ್ತು. ಯುದ್ಧರಂಗಕ್ಕೆ ಹೊರಡುವ ಮುಂಚೆ ಕೊಕ್ತೊ ಟಿಪ್ಪಣಿಗಳ ಒಂದು ಕಟ್ಟನ್ನು ಸತೀ ಕೈಗೆ ಕೊಟ್ಟು ಹೋದ.

ಕತೆ ಇಷ್ಟೇ. ಸಂತೆಬೀದಿಯ ಒಂದು ಡೇರೆಯ ಹೊರಗೆ ಕಲಾವಿದರು ಒಂದೊಂದು ಸ್ಯಾಂಪಲ್ ತೋರಿಸಿ ಜನರನ್ನು ಒಳಗೆ ಕರೆಯುತ್ತಾರೆ. ಚೀನಾದ ಜಾದೂಗಾರ, ಅಮೆರಿಕದ ಹುಡುಗಿ, ಇಬ್ಬರು ದೊಂಬರಾಟದವರು. ಜನ ಸ್ಯಾಂಪಲ್ಲನ್ನೇ ಪೂರ್ತಿ ಆಟ ಅಂದುಕೊಳ್ಳುತ್ತಾರೆ. ಒಳಗೆ ಯಾರೂ ಹೋಗುವುದಿಲ್ಲ.

ಟೈಪ್‌ರೈಟರ್ ಬರುವುದು ಆ ಅಮೆರಿಕದ ಹುಡುಗಿಯ ಭಾಗದಲ್ಲಿ. ಅವಳ ಪಾತ್ರವನ್ನು ನೋಡಿದರೆ ಕಾರಣ ತಾನೇ ಗೊತ್ತಾಗುತ್ತದೆ. ಚಾಪ್ಲಿನ್‌ನ ಹಾಗೆ ನಡೆಯುತ್ತಾಳೆ. ಪಿಸ್ತೂಲು ಹಿಡಿದು ಕಳ್ಳನನ್ನು ಅಟ್ಟುತ್ತಾಳೆ. ರ‍್ಯಾಗ್‌ಟೈಮ್ ಕುಣಿಯುತ್ತಾಳೆ (ಆ ಕಾಲದ ಅಮೆರಿಕದ ಕುಣಿತದ ಸಂಗೀತ ಅದು). ಹಡಗು ಮುಳುಗಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಅಂದ್ರೆ ಪ್ಯಾರಿಸ್ಸಿನವರು ಮೂಕಿಚಿತ್ರಗಳಲ್ಲಿ ನೋಡಿದ ಅಮೆರಿಕ ಪೂರ್ತಿ ಈ ಒಬ್ಬ ಹುಡುಗಿಯಲ್ಲಿದೆ. ಆ ಅಮೆರಿಕಕ್ಕೆ ಟೈಪ್‌ರೈಟರ್ ಸದ್ದು, ಗುಂಡಿನ ಸದ್ದು, ಸೈರನ್ ಇಲ್ಲದಿದ್ದರೆ ಹೇಗೆ ಎಂಬುದು ಕೊಕ್ತೊನ ವಾದ. ಅವನ ಪಟ್ಟಿಯಲ್ಲಿ ವಿಮಾನ, ಡೈನಮೊ ಕೂಡ ಇದ್ದವು. ಸಂಗೀತ ಇವಕ್ಕೆಲ್ಲ ಹಿನ್ನೆಲೆಯಾಗಿ ಇದ್ದರೆ ಸಾಕು ಅನ್ನುವ ಧಾಟಿ ಅವನದು. ಸತೀ ಜಗಳ ಆಡಲಿಲ್ಲ. ಕೊಕ್ತೊಗೆ ಅತ್ಯಗತ್ಯ ಅನ್ನಿಸಿದ ಕೆಲವು ಸದ್ದುಗಳಿಗೆ ನಾನು ಹಿನ್ನೆಲೆ ಮಾಡಿಕೊಟ್ಟೆ ಅಂತ ಹೇಳಿಬಿಟ್ಟ. ವಿನಯದ ಮಾತಿನ ಹಾಗಿದೆ. ನನಗಂತೂ ಅದರಲ್ಲಿ ಚುಚ್ಚೇ ಜಾಸ್ತಿ ಕೇಳಿಸುತ್ತದೆ.

ಯಾಕೆಂದರೆ ಒಳಗೊಳಗೆ ಸತೀ ಬೇರೆಯವರ ಕಡೆ ವಾಲಿದ್ದ. 1916ರಲ್ಲೇ ವೇಷ ಮತ್ತು ರಂಗಸಜ್ಜಿಕೆಗೆ ಚಿತ್ರಕಾರ ಪಿಕಾಸೊ ಬಂದು ಸೇರಿದ. ಅವನ ಐಡಿಯಾಗಳು ನಮ್ಮ ಜಾನ್‌ನವಕ್ಕಿಂತ (ಅಂದ್ರೆ ಕೊಕ್ತೊನವಕ್ಕಿಂತ) ನನಗೆ ಹಿಡಿಸುತ್ತಿವೆ ಅಂತ ಸತೀ ಆ ಸೆಪ್ಟೆಂಬರ್‌ನಲ್ಲಿ ಗೆಳತಿಯೊಬ್ಬಳಿಗೆ ಪತ್ರ ಬರೆದು ಪೇಚಾಡಿಕೊಂಡ. 1917ರ ಫೆಬ್ರವರಿಯಲ್ಲಿ ಕೊಕ್ತೊ, ಪಿಕಾಸೊ ಇಬ್ಬರೂ ರೋಮ್‌ಗೆ ಹೋದರು. ಬ್ಯಾಲೆ ತಂಡದ ಯಜಮಾನ ದಿಯಾಗಿಲೆವ್ ಮತ್ತು ನೃತ್ಯ ಸಂಯೋಜಕ ಮಸೀನ್ ಅಲ್ಲೇ ಇದ್ದರು. ಸತೀ ಹೋಗಲಿಲ್ಲ, ಇತ್ತ ಕೂತು ವಾದ್ಯವೃಂದಕ್ಕೆ ಸಂಗೀತ ಹೊಂದಿಸುತ್ತಿದ್ದ.

ಹಾಗಾದರೆ ಈ ಸಂಗೀತದಲ್ಲಿ ಹೊಸತು ಏನಿದೆ? ನನ್ನ ಪ್ರಕಾರ ಸದ್ದಿನಲ್ಲಿ ಅಲ್ಲ, ಸಪ್ಪೆತನದಲ್ಲಿ ಇದೆ. ಒಂದು ಪುಟ್ಟ ಸ್ವರಗುಚ್ಛ ಬರುತ್ತದೆ, ಮತ್ತೆ ಬರುತ್ತದೆ, ಮತ್ತೆ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ಏರಿ ಏರಿ ಶಿಖರ ಮುಟ್ಟುವ ಆಟ ಇಲ್ಲ. ಭಾವ ಉಕ್ಕುವುದಿಲ್ಲ. ಲಯ ಗಡಿಯಾರದಂತೆ ಒಂದೇ ಸಮ. ವಾಗ್ನರ್, ದೆಬ್ಯುಸಿಯಂಥ ಸಂಗೀತಗಾರರನ್ನು ಕೇಳಿ ಪಳಗಿದ ಕಿವಿಗೆ ಇದು ಪಿಸ್ತೂಲಿಗಿಂತ ದೊಡ್ಡ ಪೆಟ್ಟು, ಅಲ್ವಾ? ಇನ್ನೊಂದು ತಮಾಷೆ, ಪರದೆ ಏಳುವ ಮುಂಚಿನ ಸಂಗೀತ ಫ್ಯೂಗ್ ಶೈಲಿಯಲ್ಲಿದೆ, ಅಂದ್ರೆ ಒಂದೇ ಸ್ವರಗುಚ್ಛವನ್ನು ವಾದ್ಯಗಳು ಒಂದಾದ ಮೇಲೊಂದು ಹಿಡಿದು ಹೆಣೆಯುವ ಹಳೆಯ ಪದ್ಧತಿ. ಸಂತೆಯ ಆಟಕ್ಕೆ ಚರ್ಚಿನ ಗಾಂಭೀರ್ಯದ ಆರಂಭ! ಕೆಫೆಗಳಲ್ಲಿ ಪಿಯಾನೊ ನುಡಿಸಿ ಹೊಟ್ಟೆ ಹೊರೆದ ಸತೀ, ಹತ್ತಿರ ಹತ್ತಿರ 40ರ ವಯಸ್ಸಿನಲ್ಲಿ, 1905ರಲ್ಲಿ, ಸ್ಕೋಲಾ ಕಾಂತೋರುಮ್ ಎಂಬ ಸಂಗೀತ ಶಾಲೆಗೆ ಸೇರಿ ಇದನ್ನೆಲ್ಲ ಪದ್ಧತಿಯಂತೆ ಕಲಿತಿದ್ದ. ಹುಡುಗಿಯ ರ‍್ಯಾಗ್‌ಟೈಮ್‌ಗೆ ಮಾತ್ರ ಅವನು ಅಮೆರಿಕದ ಹಾಡುಗಾರಿಕೆ ರಚಿಸುವ ಅರ್ವಿಂಗ್ ಬರ್ಲಿನ್‌ನ 1911ರ ಒಂದು ಹಾಡಿನ ಲಯವನ್ನೇ ಎತ್ತಿಕೊಂಡು ಸ್ವರ ಬದಲಿಸಿದ.

ಮೊದಲ ಪ್ರದರ್ಶನ 1917ರ ಮೇ 18ರಂದು, ಶಾತ್ಲೆ ರಂಗಮಂದಿರದಲ್ಲಿ. ವಾದ್ಯವೃಂದ ನಡೆಸಿದವನು ಅರ್ನೆಸ್ಟ್ ಆನ್ಸರ್ಮೆ. ಕೊಕ್ತೊನ ಸದ್ದುಗಳಲ್ಲಿ ಹೆಚ್ಚಿನವು ಅಂದು ಕೇಳಲೇ ಇಲ್ಲ. ತಾಲೀಮಿಗೆ ಸಮಯ ಸಾಲಲಿಲ್ಲ, ಸಲಕರಣೆ ಹೊಂದಲಿಲ್ಲ, ತೆಗೆದುಹಾಕಬೇಕಾಯಿತು ಅಂತ ಆಮೇಲೆ ಕೊಕ್ತೊನೇ ಕೊರಗಿದ. ಇನ್ನೊಂದು ಕಡೆ ಪೂರ್ತಿ ಮೌನ. ಆಟದಲ್ಲಿ ಒಂದು ಬಟ್ಟೆಯ ಕುದುರೆಯೂ ಇತ್ತು. ಅದರ ಮೇಲೆ ಕೂರಿಸಬೇಕಿದ್ದ ಗೊಂಬೆ ತಾಲೀಮಿನಲ್ಲಿ ಬಿದ್ದದ್ದರಿಂದ ಅದನ್ನು ಕೈಬಿಟ್ಟರು. ಒಳಗೆ ಇಬ್ಬರು ಮನುಷ್ಯರಿದ್ದ ಆ ಬಟ್ಟೆಯ ಕುದುರೆ ಸಂಗೀತವೇ ಇಲ್ಲದೆ ಕುಣಿಯಿತು.

ಗಲಾಟೆಯೇನೋ ಆಯಿತು. ಸೈನಿಕರು ಸಾಯುತ್ತಿರುವಾಗ ಇದೇನು ಹುಡುಗಾಟ ಎಂಬ ಸಿಟ್ಟು ಸಭಿಕರಿಗೆ. ವಿಮರ್ಶಕ ಜಾನ್ ಪ್ವೇಗ್ ಕೆಟ್ಟದಾಗಿ ಬರೆದ. ಸತೀ ಅವನಿಗೆ ‘ನೀನು ಬರೀ ಅಂಡು, ಅದೂ ಸಂಗೀತವಿಲ್ಲದ ಅಂಡು’ ಅಂತ ಕಾರ್ಡು ಹಾಕಿದ. ಲಕೋಟೆಯಲ್ಲಿ ಹಾಕಿದ್ದರೆ ಬಚಾವಾಗುತ್ತಿದ್ದನೋ ಏನೋ. ತೆರೆದ ಕಾರ್ಡನ್ನು ಯಾರು ಬೇಕಾದರೂ ಓದಬಹುದಿತ್ತಲ್ಲ, ಮಾನನಷ್ಟದ ಮೊಕದ್ದಮೆ ಬಿತ್ತು. 8 ದಿನ ಜೈಲು ಮತ್ತು ದಂಡ ಅಂತ ತೀರ್ಪಾಯಿತು. ಜೈಲಿಗೆ ಮಾತ್ರ ಹೋಗಬೇಕಾಗಲಿಲ್ಲ.

ಈ ಉತ್ತರ ಸರಿಯೋ ತಪ್ಪೋ ನೀವೇ ಪರೀಕ್ಷೆ ಮಾಡಬಹುದು. ಇಡೀ ಸಂಗೀತ ಸುಮಾರು 15 ನಿಮಿಷದ್ದು. ಮೊದಲು ವಾದ್ಯವೃಂದದ ರೆಕಾರ್ಡಿಂಗ್ ಕೇಳಿ. ಟೈಪ್‌ರೈಟರ್ ರ‍್ಯಾಗ್‌ಟೈಮ್‌ಗಿಂತ ಸ್ವಲ್ಪ ಮುಂಚೆ ಟಕಟಕ ಅಂದು ಮುಗಿದೇ ಹೋಗುತ್ತದೆ. ಆಮೇಲೆ ಒಂದೇ ಪಿಯಾನೊದಲ್ಲಿ ಇಬ್ಬರು ನುಡಿಸಲು ಸತೀ ಮಾಡಿದ ರೂಪವನ್ನು ಹುಡುಕಿ ಕೇಳಿ, ಅದು 1917ರಲ್ಲೇ ಅಚ್ಚಾಗಿತ್ತು. ಸೈರನ್ ಇಲ್ಲದೆ ಸಂಗೀತ ಎಲ್ಲಾದರೂ ಬಡವಾಯಿತಾ ನೋಡಿ.