ಕಿಡ್ನಿ ಸೋತವರಿಗೆ ಎಳನೀರು ಯಾಕೆ ಬೇಡ?

ಮುಂಬಯಿಯ ನಮ್ಮ ಜನ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಮಾಟುಂಗ ಮಾರ್ಕೆಟ್ಟಿನಿಂದ ಎರಡು ಎಳನೀರಾದರೂ ಹಿಡಿದು ಹೋಗುತ್ತಾರೆ. ಆದರೆ ಕಿಡ್ನಿ ಕಾಯಿಲೆ ಮುಂದುವರಿದವರಿಗೆ ಅದೇ ಎಳನೀರು ಅಪಾಯ ತರಬಹುದು.

ಕಾರಣ ಅದರಲ್ಲಿರುವ ಪೊಟ್ಯಾಸಿಯಂ ಎಂಬ ಖನಿಜ. ದೊಡ್ಡ ಲೋಟ ಎಳನೀರಿನಲ್ಲಿ ಅದು ಸುಮಾರು 500ರಿಂದ 600 ಮಿಲಿಗ್ರಾಂ ಇರುತ್ತದೆ. ಆರೋಗ್ಯವಾಗಿರುವ ಕಿಡ್ನಿ ಜಾಸ್ತಿಯಾದದ್ದನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸೋತ ಕಿಡ್ನಿಗೆ ಆ ಶಕ್ತಿ ಇಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ (ರಕ್ತದ ರಿಪೋರ್ಟಿನಲ್ಲಿ ಬರೆಯುವ ಅಳತೆ) ಇರಬೇಕು. 6 ದಾಟಿದರೆ ಎದೆಬಡಿತ ತಾಳ ತಪ್ಪಬಹುದು. ಎಷ್ಟೋ ಸಲ ಮುನ್ಸೂಚನೆಯೇ ಇರುವುದಿಲ್ಲ. ಹಾಗಂತ ಎಲ್ಲ ಕಿಡ್ನಿ ರೋಗಿಗಳಿಗೂ ಒಂದೇ ಪಥ್ಯ ಅಲ್ಲ. ಯಾರಿಗೆ ಎಷ್ಟು ಅನ್ನುವುದನ್ನು ರಕ್ತದ ರಿಪೋರ್ಟ್ ನೋಡಿ ಡಾಕ್ಟರೇ ಹೇಳಬೇಕು.

ನನಗೆ ಎಳನೀರಿಗಿಂತ ಜಾಸ್ತಿ ಭಯ ಲೋ ಸೋಡಿಯಂ ಉಪ್ಪಿನದು. ಬಿಪಿಗೆ ಒಳ್ಳೆಯದು ಅಂತ ಮನೆಯವರು ಕಾಳಜಿಯಿಂದಲೇ ತರುತ್ತಾರೆ. ಅದರಲ್ಲಿ ಸೋಡಿಯಂ ಕಡಿಮೆ ಮಾಡಿ ಆ ಜಾಗಕ್ಕೆ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ದಿನವೂ ಪ್ರತಿ ಅಡುಗೆಗೂ ಬೀಳುವ ವಸ್ತು ಅದು, ಅಲ್ವಾ? ಡಾಕ್ಟರನ್ನು ಕೇಳದೆ ಕಿಡ್ನಿ ಸೋತವರ ಅಡುಗೆಗೆ ಹಾಕಲೇಬಾರದು. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ.

ತರಕಾರಿ ಬಿಡಬೇಕಿಲ್ಲ. ಬಟಾಟೆಯ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಕುದಿಸಿ, ನೀರು ಚೆಲ್ಲಿಬಿಡಿ. ಸುಮ್ನೆ ನೆನೆಸಿಟ್ಟರೆ ಪೊಟ್ಯಾಸಿಯಂ ಅಷ್ಟಾಗಿ ಇಳಿಯುವುದಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು ಮಾಡುವುದು ನಮ್ಮಲ್ಲಿ ಹಳೆಯ ರೂಢಿ. ಉಳಿದವರಿಗೆ ಅದು ಒಳ್ಳೆಯದೇ. ಪೊಟ್ಯಾಸಿಯಂ ಮಿತಿ ಇರುವವರಿಗೆ ಮಾತ್ರ ಆ ಸಾರು ಬಡಿಸಬೇಡಿ.

ಇನ್ನು ದಾರೆಹುಳಿ. ಇಲ್ಲಿನ ಗಾಡಿಗಳಲ್ಲಿ ಉಪ್ಪು ಖಾರ ಹಚ್ಚಿ ಮಾರುವ ನಕ್ಷತ್ರದ ಆಕಾರದ ಹಣ್ಣು. ಕಿಡ್ನಿ ರೋಗಿಗಳು ಇದನ್ನು ಒಂದು ಹೋಳೂ ಮುಟ್ಟಬಾರದು. ಇಲ್ಲಿ ತೊಂದರೆ ಪೊಟ್ಯಾಸಿಯಂನದಲ್ಲ. ಹಣ್ಣಿನಲ್ಲಿ ಕ್ಯಾರಂಬಾಕ್ಸಿನ್ ಎಂಬ ನರಗಳಿಗೆ ವಿಷವಾಗುವ ವಸ್ತು ಇದೆ. ಬ್ರೆಜಿಲ್‌ನ ಸಂಶೋಧಕರು 2013ರಲ್ಲಿ ಅದನ್ನು ಗುರುತಿಸಿದರು. ಸೋತ ಕಿಡ್ನಿ ಅದನ್ನು ಹೊರಹಾಕದೆ ವಿಷ ಮೆದುಳಿಗೆ ಏರುತ್ತದೆ. ಮೊದಲು ಬರುವುದು ನಿಲ್ಲದ ಬಿಕ್ಕಳಿಕೆ. ಆಮೇಲೆ ವಾಂತಿ, ಗೊಂದಲ, ಫಿಟ್ಸ್. ಹಣ್ಣು ತಿಂದ ರೋಗಿಗೆ ಬಿಕ್ಕಳಿಕೆ ಹಿಡಿದರೆ ನೀರು ಕುಡಿಸುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿಂದರು ಅಂತ ಹೇಳಿ. ಬೇಗ ಡಯಾಲಿಸಿಸ್ ಸಿಕ್ಕರೆ ಬದುಕಿಸಿಕೊಳ್ಳಬಹುದು.