ಗುಳ್ಳೆ ಮಾಯ್ದ ಮೇಲೂ ಅಂಟುವ ಹರ್ಪಿಸ್

ಜನನಾಂಗದ ಹರ್ಪಿಸ್ ಗುಳ್ಳೆ ಇದ್ದಾಗ ಮಾತ್ರ ಅಂಟುತ್ತದೆ, ಒಣಗಿದರೆ ಭಯವಿಲ್ಲ ಎಂದು ಈಗಲೂ ಹಲವರು ನಂಬಿದ್ದಾರೆ. ಒಂದು ಕಾಲಕ್ಕೆ ವೈದ್ಯರೂ ಹಾಗೆಯೇ ತಿಳಿದಿದ್ದರು. ಆ ನಂಬಿಕೆ ತಪ್ಪೆಂದು ತಿಳಿಯಲು ಬಹಳ ಕಾಲ ಹಿಡಿಯಿತು.

‘ಹರ್ಪಿಸ್’ ಪದದ ಗ್ರೀಕ್ ಮೂಲಕ್ಕೆ ತೆವಳುವುದು ಎಂದರ್ಥ. ಚರ್ಮದ ಮೇಲೆ ಹರಡುವ ಬಗೆಬಗೆಯ ಹುಣ್ಣುಗಳಿಗೆಲ್ಲ ಹಿಂದಿನವರು ಇದೇ ಹೆಸರಿಟ್ಟಿದ್ದರು. ಜನನಾಂಗದ ಹರ್ಪಿಸನ್ನು 1736ರಲ್ಲಿ ವಿವರಿಸಿದವರು ಫ್ರಾನ್ಸಿನ ವೈದ್ಯ ಆಸ್ಟ್ರುಕ್. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುತ್ತದೆಂದು ಖಚಿತವಾದದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ.

ಆಮೇಲೆ ಕಾಡಿದ್ದು ಬೇರೆಯೇ ಒಗಟು: ಮಾಯ್ದ ಹುಣ್ಣು ಮತ್ತೆ ಅದೇ ಜಾಗದ ಆಸುಪಾಸಿನಲ್ಲೇ ಏಕೆ ಏಳುತ್ತದೆ? ರಕ್ತದಲ್ಲಿ ಸೋಂಕನ್ನು ಎದುರಿಸುವ ಪ್ರತಿಕಾಯಗಳಿದ್ದವರಿಗೇ ಗುಳ್ಳೆ ಮರಳುವುದು 1930ರ ಹೊತ್ತಿಗೆ ಕಂಡುಬಂತು. ಹರ್ಪಿಸ್ ತರುವ ವೈರಸ್ ನರಗಳಲ್ಲಿ ಅಡಗಿರಬೇಕೆಂದು ಅಮೆರಿಕದ ರೋಗವಿಜ್ಞಾನಿ ಗುಡ್‌ಪಾಶ್ಚರ್ 1929ರಲ್ಲೇ ಊಹಿಸಿದ್ದರು. 1971ರಲ್ಲಿ ಇಲಿಗಳ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸುಪ್ತ ವೈರಸ್ ಸಿಕ್ಕಿ ಆ ಊಹೆಗೆ ಬಲ ಬಂತು. ಚರ್ಮದಿಂದ ನರದ ಎಳೆ ಹಿಡಿದು ಒಳಹೋಗುವ ವೈರಸ್ ಆ ಗಂಟಿನಲ್ಲಿ ಜೀವಮಾನವಿಡೀ ಉಳಿಯುತ್ತದೆ. ಆಗಾಗ ಅದೇ ಎಳೆಯ ದಾರಿಯಲ್ಲಿ ಹೊರಬರುತ್ತದೆ. ಔಷಧಿಯಿಂದ ಇದನ್ನು ಹತೋಟಿಯಲ್ಲಿಡಬಹುದೇ ಹೊರತು ಬೇರುಸಹಿತ ಕೀಳಲಾಗದಿರುವುದಕ್ಕೆ ಕಾರಣ ಇದೇ.

ವೈರಸ್‌ನಲ್ಲಿ ಎರಡು ಬಗೆ ಇರುವುದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಟೈಪ್ 1 ಬಾಯಿಯದು, ಟೈಪ್ 2 ಜನನಾಂಗದ್ದು ಎಂಬ ಗೆರೆ ಆಗ ಎಳೆಯಲಾಯಿತು. ಈಗ ಅದು ಅಳಿಸಿದೆ. ತುಟಿಯ ಮೇಲೆ ನೀರುಗುಳ್ಳೆ ಏಳುವವರಿಂದ ಮುಖಮೈಥುನದ ಮೂಲಕ ಟೈಪ್ 1 ಜನನಾಂಗಕ್ಕೆ ದಾಟುತ್ತದೆ. ವ್ಯತ್ಯಾಸವಿರುವುದು ಮರುಕಳಿಕೆಯಲ್ಲಿ: ಮೊದಲ ವರ್ಷ ಟೈಪ್ 2 ಸಾಮಾನ್ಯವಾಗಿ ನಾಲ್ಕೈದು ಸಲ ಮರಳಿದರೆ, ಟೈಪ್ 1 ಒಂದು ಸಲವಷ್ಟೇ.

ಸೋಂಕು ತಗಲಿದ 2ರಿಂದ 12 ದಿನಗಳಲ್ಲಿ ಮೊದಲ ಲಕ್ಷಣಗಳು ಕಾಣಿಸಬಹುದು. ಕೆಂಪಾದ ಚರ್ಮದ ಮೇಲೆ ಗುಂಪಾಗಿ ಸಣ್ಣ ನೀರುಗುಳ್ಳೆಗಳು ಎದ್ದು, ಒಡೆದು, ನೋಯುವ ಹುಣ್ಣಾಗಿ, ಹೊಪ್ಪಳೆಗಟ್ಟುತ್ತವೆ. ಜ್ವರ, ತೊಡೆಸಂದಿನಲ್ಲಿ ಗಂಟು, ಮೂತ್ರ ಮಾಡುವಾಗ ಉರಿ ಜೊತೆಗಿರಬಹುದು. ಮೊದಲ ಸಲದ್ದು ವಾಸಿಯಾಗಲು 2ರಿಂದ 4 ವಾರ ಬೇಕು. ಮುಂದಿನವು ಸೌಮ್ಯ, ಬರುವ ಮುನ್ನ ಆ ಜಾಗ ಜುಮುಗುಟ್ಟುತ್ತದೆ ಅಥವಾ ತುರಿಸುತ್ತದೆ. ಆದರೆ ಸೋಂಕಿರುವ ಬಹುಪಾಲು ಜನರಲ್ಲಿ ಇಷ್ಟು ಢಾಳಾಗಿ ಏನೂ ಕಾಣುವುದಿಲ್ಲ. ಸಣ್ಣ ಬಿರುಕು, ತರಚು ಗಾಯ, ಶಿಲೀಂಧ್ರದ ತುರಿಕೆ ಎಂದುಕೊಂಡು ಸುಮ್ಮನಾಗುತ್ತಾರೆ.

ಪರೀಕ್ಷೆಯಲ್ಲಿ ಎಡವುವುದೂ ಇಲ್ಲೇ. ಗುಳ್ಳೆ ಹೊಸದಾಗಿರುವಾಗಲೇ ಅದರ ಬುಡದಿಂದ ಸ್ವಾಬ್ ತೆಗೆದು ಪಿಸಿಆರ್ (ವೈರಸ್ಸಿನ ಡಿಎನ್ಎ ಹುಡುಕುವ ಪರೀಕ್ಷೆ) ಮಾಡಿಸಬೇಕು. ಹೊಪ್ಪಳೆಗಟ್ಟಿದ ಮೇಲೆ ವೈರಸ್ ಸಿಗದೇ ಹೋಗಬಹುದು. ಐಜಿಎಂ, ಐಜಿಜಿ ಎಂಬವು ರಕ್ತದಲ್ಲಿನ ಎರಡು ಬಗೆಯ ಪ್ರತಿಕಾಯಗಳು. ಐಜಿಎಂ ರಕ್ತಪರೀಕ್ಷೆಯನ್ನು ನೆಚ್ಚಲಾಗದು. ಐಜಿಜಿ ಪ್ರತಿಕಾಯ ಮೂಡಲು 12 ವಾರಗಳವರೆಗೂ ಬೇಕಾಗಬಹುದು, ಪರೀಕ್ಷೆಯ ಅಂಕಿ ಪಾಸಿಟಿವ್ ಗಡಿಯ ಹತ್ತಿರವಿದ್ದರೆ ಸುಳ್ಳು ಪಾಸಿಟಿವ್ (ಸೋಂಕಿಲ್ಲದಿದ್ದರೂ ಇದೆಯೆಂಬ ಫಲಿತಾಂಶ) ಇರುವುದುಂಟು. ಲಕ್ಷಣವಿಲ್ಲದವರೆಲ್ಲ ಈ ಪರೀಕ್ಷೆ ಮಾಡಿಸಿಕೊಂಡರೆ ಉಪಯೋಗಕ್ಕಿಂತ ಗಾಬರಿಯೇ ಹೆಚ್ಚು.

ಚಿಕಿತ್ಸೆಯ ಕಥೆ ಅಸೈಕ್ಲೋವಿರ್‌ನಿಂದ ಆರಂಭ. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದ ಈ ಔಷಧಿ ಮುಲಾಮಾಗಿ 1982ರಲ್ಲಿ, ಮಾತ್ರೆಯಾಗಿ 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೊದಲ ಸಲಕ್ಕೆ 400 ಮಿ.ಗ್ರಾಂ. ದಿನಕ್ಕೆ ಮೂರು ಬಾರಿ, 7ರಿಂದ 10 ದಿನ ಕೊಡುವುದು ರೂಢಿ. ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರು ಪ್ರಮಾಣ ಬದಲಿಸುತ್ತಾರೆ. ಮರುಕಳಿಸಿದಾಗ ಜುಮುಗುಟ್ಟಿದ ಕೂಡಲೇ, ತಡವಾದರೆ ಗುಳ್ಳೆ ಎದ್ದ ಒಂದು ದಿನದೊಳಗೆ, ಮಾತ್ರೆ ಶುರುವಾಗಬೇಕು. ಮುಲಾಮಿನಿಂದ ಹೆಚ್ಚು ಪ್ರಯೋಜನವಿಲ್ಲ.

ಮೊದಲಿನ ನಂಬಿಕೆಯನ್ನು ಕೊನೆಗೂ ಉರುಳಿಸಿದ್ದು ದಿನದಿನವೂ ತೆಗೆದ ಸ್ವಾಬ್‌ಗಳು. ಟೈಪ್ 2 ಇದ್ದೂ ಎಂದೂ ಲಕ್ಷಣ ಕಾಣದವರಲ್ಲೇ ಸುಮಾರು 10% ದಿನಗಳಲ್ಲಿ ವೈರಸ್ ಹೊರಬರುವುದು 2011ರಲ್ಲಿ ಪ್ರಕಟವಾಯಿತು. ಸೋಂಕು ಹೆಚ್ಚಾಗಿ ದಾಟುವುದೇ ಇಂಥ ಕಾಣದ ದಿನಗಳಲ್ಲಿ. ‘ನನಗೆ ಅಂಟಿಸಿದ್ದು ಮೋಸದಿಂದ’ ಎಂದು ಜೊತೆಗಾರರನ್ನು ದೂರುವ ಮುನ್ನ ಇದನ್ನು ನೆನೆಯಬೇಕು. ಅವರಿಗೇ ಗೊತ್ತಿರದಿರಬಹುದು, ಸೋಂಕು ವರ್ಷಗಳಷ್ಟು ಹಳೆಯದಿರಬಹುದು.

2004ರಲ್ಲಿ ಪ್ರಕಟವಾದ 1,484 ಜೋಡಿಗಳ ಅಧ್ಯಯನದಲ್ಲಿ, ಸೋಂಕಿದ್ದವರು ದಿನಕ್ಕೊಂದು 500 ಮಿ.ಗ್ರಾಂ. ವಾಲಾಸೈಕ್ಲೋವಿರ್ (ದೇಹದಲ್ಲಿ ಅಸೈಕ್ಲೋವಿರ್ ಆಗಿ ಬದಲಾಗುವ ಔಷಧಿ) ತೆಗೆದುಕೊಂಡಾಗ ಜೊತೆಗಾರರಿಗೆ ಸೋಂಕು ತಗಲಿದ ಪ್ರಮಾಣ 3.6%ರಿಂದ 1.9%ಕ್ಕೆ ಇಳಿಯಿತು. ಕಾಂಡೋಮ್ ಕೂಡ ಅಪಾಯ ತಗ್ಗಿಸುತ್ತದೆ. ಅದು ಮುಚ್ಚದ ಚರ್ಮದಿಂದ ಸೋಂಕು ದಾಟಬಹುದಾದ್ದರಿಂದ ಪೂರ್ತಿ ತಡೆಯದು. ಲೇಟೆಕ್ಸ್ ಕಾಂಡೋಮಿಗೆ ಎಣ್ಣೆ, ವ್ಯಾಸಲೀನ್ ಸವರಿದರೆ ಹರಿಯಬಹುದು. ನೀರು ಅಥವಾ ಸಿಲಿಕೋನ್ ಆಧಾರದ ಜಾರುಕವನ್ನೇ ಬಳಸಬೇಕು. ಜುಮುಗುಟ್ಟುವಿಕೆ ಶುರುವಾದಂದಿನಿಂದ ಹೊಪ್ಪಳೆ ಉದುರಿ ಹೊಸ ಚರ್ಮ ಬರುವವರೆಗೆ, ಕಾಂಡೋಮ್ ಇದ್ದರೂ, ಸಂಭೋಗ ಬೇಡ. ತುಟಿಯಲ್ಲಿ ಗುಳ್ಳೆಯಿದ್ದಾಗ ಮುಖಮೈಥುನವೂ ಬೇಡ.

ಗರ್ಭಿಣಿಯರ ವಿಚಾರದಲ್ಲಿ ಮಾತ್ರ ಸ್ವಲ್ಪವೂ ಉದಾಸೀನ ಸಲ್ಲದು. ಹಳೆಯ ಸೋಂಕಿದ್ದ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ 1%ಕ್ಕಿಂತ ಕಡಿಮೆ. ಹೆರಿಗೆಯ ಹೊತ್ತಿಗೆ ಮೊದಲ ಬಾರಿ ತಗಲಿದರೆ 30ರಿಂದ 50%. ನವಜಾತ ಶಿಶುವಿನ ಮಿದುಳಿಗೆ, ಜೀವಕ್ಕೆ ಅಪಾಯವಿದೆ. ಸೋಂಕಿರುವುದು ಗೊತ್ತಿದ್ದರೆ 36ನೆಯ ವಾರದಿಂದ ಮಾತ್ರೆ ಕೊಡಲಾಗುತ್ತದೆ. ಹೆರಿಗೆ ನೋವು ಶುರುವಾದಾಗ ಗುಳ್ಳೆಯಿದ್ದರೆ ಸಿಜೇರಿಯನ್ ಬೇಕಾಗುತ್ತದೆ. ಗುಳ್ಳೆಯಿಲ್ಲದೆ ಉರಿ, ಜುಮುಗುಟ್ಟುವಿಕೆ ಮಾತ್ರ ಇದ್ದರೂ ಆಸ್ಪತ್ರೆಗೆ ಬಂದ ತಕ್ಷಣ ವೈದ್ಯರಿಗೆ ಹೇಳಬೇಕು.