ಬೀಗರ ಜಾಲದಲ್ಲಿ ಮೆಡಿಚಿ ಮನೆತನ

1433ರಲ್ಲಿ ಗಡಿಪಾರಾದ ಬ್ಯಾಂಕ್ ಒಡೆಯ ಕೋಸಿಮೊ ದೆ ಮೆಡಿಚಿ ಮರುವರ್ಷವೇ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಮರಳಿದ. ಅವನನ್ನು ಹೊರಗಟ್ಟಿದ್ದ ಆಲ್ಬಿಟ್ಸಿ ಬಣದವರು ಊರು ಬಿಡಬೇಕಾಯಿತು, ನಗರದ ಹಿಡಿತ ಅವನ ಕೈಗೆ ಬಂತು. ಇದು ಹಣದ ಬಲ ಎನ್ನೋಣವೆಂದರೆ, 1427ರ ತೆರಿಗೆ ದಾಖಲೆಯಲ್ಲಿ ಸ್ಟ್ರೋಟ್ಸಿ ಮನೆತನ ಮೆಡಿಚಿಗಳಿಗಿಂತ ಸಿರಿವಂತ. ಆಡಳಿತ ಮಂಡಳಿಯ ಸ್ಥಾನಗಳೂ ಅವರಿಗೇ ಹೆಚ್ಚು ಸಿಕ್ಕಿದ್ದವು. ಜಾನ್ ಪ್ಯಾಜೆಟ್ ಮತ್ತು ಕ್ರಿಸ್ಟೋಫರ್ ಆನ್ಸೆಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯದೇ ಪ್ರಶ್ನೆ ಎತ್ತಿದರು: ಯಾರು ಯಾರ ಬೀಗರು, ಯಾರು ಯಾರ ವ್ಯಾಪಾರದ ಪಾಲುದಾರರು?

ಆ ಅಧ್ಯಯನದ ಒಂದು ತುಣುಕು, 16 ಮನೆತನಗಳ 20 ಬೀಗತನಗಳು, ಇಂದು ಜಾಲ ವಿಶ್ಲೇಷಣೆ, ಅಂದರೆ ಯಾರು ಯಾರೊಡನೆ ಹೇಗೆ ಬೆಸೆದಿದ್ದಾರೆಂದು ಲೆಕ್ಕ ಹಾಕುವ ವಿಧಾನ, ಕಲಿಯುವವರ ಮೊದಲ ಪಾಠವಾಗಿದೆ. ಕಲಿಯಲು ಬೇಕಿರುವುದು ಎರಡು ಹಾಳೆಗಳ ಒಂದು ಸ್ಪ್ರೆಡ್‌ಶೀಟ್. ಮೊದಲ ಹಾಳೆಯಲ್ಲಿ ಪ್ರತಿ ಮನೆತನಕ್ಕೂ ಒಂದು ಸಾಲು, ಒಂದು ಗುರುತು ಸಂಖ್ಯೆ, ಇವು ಬಿಂದುಗಳು. ಎರಡನೆಯದರಲ್ಲಿ ಪ್ರತಿ ಸಂಬಂಧಕ್ಕೂ ಒಂದು ಸಾಲು; ಇವು ಕೊಂಡಿಗಳು. ಕೊಂಡಿಯ ಸಾಲಿನಲ್ಲಿ ಇಸವಿ, ಸಂಬಂಧದ ಬಗೆ, ಯಾವ ದಾಖಲೆಯ ಯಾವ ಪುಟ ಎಂಬುದನ್ನು ಆಗಲೇ ಬರೆದಿಡಬೇಕು. ಆಮೇಲೆ ನೋಡೋಣವೆಂದು ಬಿಟ್ಟರೆ ದಾಖಲೆಗಳನ್ನೆಲ್ಲ ಮತ್ತೆ ಮೊದಲಿನಿಂದ ತಿರುವಿಹಾಕಬೇಕಾಗುತ್ತದೆ.

ನಿಜವಾದ ಶ್ರಮ ಇರುವುದು ಹೆಸರುಗಳಲ್ಲಿ. ನಮ್ಮ ಹೊಯ್ಸಳ ರೂವಾರಿಗಳನ್ನೇ ತೆಗೆದುಕೊಳ್ಳಿ. ಮಲ್ಲಿತಮ್ಮನ ಹೆಸರು ಕೆಲವೆಡೆ ಪೂರ್ತಿಯಾಗಿ, ಕೆಲವೆಡೆ ಬರೀ ‘ಮಲ್ಲಿ’ ಎಂದು ಸಿಗುತ್ತದೆ. 1196ರ ಅಮೃತಾಪುರದ ಗುಡಿಯಲ್ಲೂ ಅದು ಇದೆ, 1258ರ ಸೋಮನಾಥಪುರದಲ್ಲೂ ಇದೆ. 60 ವರ್ಷ ಮೀರಿ ಉಳಿ ಹಿಡಿದ ಒಬ್ಬನೇ ಶಿಲ್ಪಿಯೋ, ಒಂದೇ ಹೆಸರಿನ ಇಬ್ಬರೋ? ಒಂದೇ ಬಿಂದುವಾಗಿ ಬರೆದರೆ ಎರಡು ತಲೆಮಾರಿನ ಶಿಲ್ಪಿಗಳನ್ನು ಬೆಸೆಯುವ ಸೇತುವೆ ಅವನೇ ಆಗುತ್ತಾನೆ. ಎರಡಾಗಿ ಒಡೆದರೆ ಸೇತುವೆಯೇ ಇಲ್ಲ. ಇದನ್ನು ಯಂತ್ರ ತೀರ್ಮಾನಿಸಲಾರದು. ಎರಡೂ ರೀತಿಯಲ್ಲಿ ಲೆಕ್ಕ ಹಾಕಿ, ಎಲ್ಲಿ ಉತ್ತರ ಬದಲಾಯಿತೆಂದು ಓದುಗರಿಗೆ ತಿಳಿಸುವುದೇ ಪ್ರಾಮಾಣಿಕ ದಾರಿ. ಇಲ್ಲಿ ಇನ್ನೊಂದು ಅಪಾಯವೂ ಇದೆ: ಒಂದೇ ಗುಡಿಯಲ್ಲಿ ಹೆಸರು ಕಂಡವರನ್ನೆಲ್ಲ ಪರಸ್ಪರ ಬೆಸೆದರೆ, 10 ಹೆಸರುಗಳಿಂದ 45 ಕೊಂಡಿಗಳು ಹುಟ್ಟುತ್ತವೆ. ಒಂದೇ ಶಾಸನ ಇಡೀ ಚಿತ್ರವನ್ನು ನುಂಗಿಬಿಡುತ್ತದೆ. ಶಿಲ್ಪಿ ಒಂದು ಬಗೆಯ ಬಿಂದು, ಗುಡಿ ಇನ್ನೊಂದು ಬಗೆಯ ಬಿಂದು ಎಂದು ಇಟ್ಟುಕೊಳ್ಳುವುದು ಕ್ಷೇಮ.

ಮತ್ತೆ ಫ್ಲಾರೆನ್ಸಿಗೆ ಬರೋಣ. ಮೆಡಿಚಿಗಳಿಗೆ 6 ಬೀಗತನ, ಸ್ಟ್ರೋಟ್ಸಿಗೆ 4. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಅದು ಎದ್ದು ಕಾಣುವುದು ಬಿಟ್ವೀನ್‌ನೆಸ್ ಎಂಬ ಅಳತೆಯಲ್ಲಿ. ಬೀಗತನವೇ ಇಲ್ಲದ ಪುಚ್ಚಿ ಮನೆತನವನ್ನು ಬಿಟ್ಟರೆ, ಮೆಡಿಚಿಗಳ ಹೊರತಾಗಿ 14 ಮನೆತನಗಳು ಉಳಿಯುತ್ತವೆ. ಅವುಗಳಲ್ಲಿ 91 ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ನಡುವಿನ ಅತಿ ಹತ್ತಿರದ ದಾರಿ ಮೆಡಿಚಿ ಮನೆ ಹಾಯ್ದು ಹೋಗುತ್ತದೆಯೇ ಎಂದು ಎಣಿಸಬೇಕು. ಸಮಾನ ದೂರದ ಎರಡು ದಾರಿಗಳಿದ್ದು ಒಂದು ಮಾತ್ರ ಹಾಯ್ದರೆ ಅರ್ಧ ಅಂಕ. ಮೆಡಿಚಿಗಳಿಗೆ ಬರುವುದು 47.5; 91ರಿಂದ ಭಾಗಿಸಿದರೆ 0.52. ಸ್ಟ್ರೋಟ್ಸಿಗೆ 0.10 ಮಾತ್ರ. ಮೆಡಿಚಿ ಬಿಂದುವನ್ನು ಅಳಿಸಿ ನೋಡಿ: ಅಚ್ಚಾಯುವೋಲಿ ಒಂಟಿಯಾಗುತ್ತದೆ, ಸಾಲ್ವಿಯಾತಿ ಮತ್ತು ಪಾತ್ಸಿ ಜೋಡಿಯಾಗಿ ಕಳಚಿಕೊಳ್ಳುತ್ತವೆ. ಸ್ಟ್ರೋಟ್ಸಿಯನ್ನು ಅಳಿಸಿದರೆ ಇವುಗಳಲ್ಲಿ ಒಂದು ಮನೆಯೂ ಕಳಚುವುದಿಲ್ಲ.

ಈ ಲೆಕ್ಕವನ್ನು ಗೆಫಿ ಎಂಬ ಉಚಿತ ತಂತ್ರಾಂಶ ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಹಾಳೆಯನ್ನು ಅದಕ್ಕೆ ತುಂಬುವಾಗ ‘ಅನ್‌ಡೈರೆಕ್ಟೆಡ್’ (ದಿಕ್ಕಿಲ್ಲದ ಕೊಂಡಿ) ಆರಿಸಲು ಮರೆತರೆ ಪ್ರತಿ ಬೀಗತನವೂ ಒಮ್ಮುಖ ರಸ್ತೆಯಾಗಿ ಅಂಕಗಳೆಲ್ಲ ಕೆಡುತ್ತವೆ. ಪುಚ್ಚಿಯನ್ನೂ ಎಣಿಕೆಗೆ ಸೇರಿಸಿದರೆ ಭಾಜಕ 91ರಿಂದ 105ಕ್ಕೆ ಏರಿ ಮೆಡಿಚಿಗಳ ಅಂಕ 0.45ಕ್ಕೆ ಇಳಿಯುತ್ತದೆ, ಆದ್ದರಿಂದ ಎಷ್ಟು ಬಿಂದುಗಳ ಮೇಲೆ ಲೆಕ್ಕ ಹಾಕಿದ್ದೆಂದು ಹೇಳದ ಅಂಕವನ್ನು ನಂಬಬೇಡಿ. ಇನ್ನು ಚಿತ್ರದ ಮಾತು. ‘ಫೋರ್ಸ್ ಅಟ್ಲಾಸ್ 2’ರಂಥ ವಿನ್ಯಾಸಗಳು ಬಿಂದುಗಳನ್ನು ಒಂದನ್ನೊಂದು ದೂಡುವಂತೆ, ಕೊಂಡಿಗಳನ್ನು ಸ್ಪ್ರಿಂಗಿನಂತೆ ಎಳೆಯುವಂತೆ ಮಾಡಿ ಹರಡುತ್ತವೆ. ಆರಂಭದ ಜಾಗಗಳು ಬದಲಾದರೆ ಅದೇ ಜಾಲ ಬೇರೆ ಆಕಾರ ತಳೆಯಬಹುದು. ಒಂದು ಬಿಂದು ಮೇಲಿದೆ, ಇನ್ನೊಂದು ಎಡಕ್ಕಿದೆ ಎಂಬುದಕ್ಕೆ ಅರ್ಥವಿಲ್ಲ. ಚಿತ್ರ ನೋಡಿ ಅನುಮಾನ ಹುಟ್ಟಲಿ, ಉತ್ತರವನ್ನು ಅಂಕದಲ್ಲೂ ದಾಖಲೆಯಲ್ಲೂ ಹುಡುಕಬೇಕು.

ಆ ಒಂಟಿ ಬಿಂದು ಪುಚ್ಚಿಯನ್ನೇ ನೋಡಿ. ಈ 16ರೊಳಗೆ ಅದಕ್ಕೆ ಬೀಗತನದ ಕೊಂಡಿಯೂ ಇಲ್ಲ, ವ್ಯಾಪಾರದ ಕೊಂಡಿಯೂ ಇಲ್ಲ. ಚಿತ್ರದ ಅಂಚಿಗೆ ಸರಿದು ನಿಲ್ಲುವ ಇದನ್ನು ಅಳಿಸಿಬಿಡೋಣ ಎನಿಸುವುದು ಸಹಜ. ಆದರೆ ಕೋಸಿಮೊನ ಬಣದ ಮುಂದಾಳುಗಳಲ್ಲಿ ಒಬ್ಬನಾಗಿದ್ದ ಪುಚ್ಚೊ ಪುಚ್ಚಿ ಈ ಮನೆತನದವನೇ.